ಹಳೆಯ ವೈಡ್ ಆ್ಯಂಗಲ್ ಲೆನ್ಸ್‌ಗಳ ಆವೃತ್ತಿಭೇದ: ಶಿಕಾರಿಪುರ–ಸೊರಬದ ಸ್ಮಾರಕಗಳ ಚಿತ್ರದಾಖಲೆಯ ದೃಷ್ಟಿಯಿಂದ ಒಂದು ಸಮೀಕ್ಷೆ

ಕೈಯಿಂದ ಫೋಕಸ್ ಮಾಡುವ ಹಳೆಯ ವೈಡ್ ಆ್ಯಂಗಲ್ ಲೆನ್ಸ್‌ಗಳು ಮಿರರ್‌ಲೆಸ್ ಕ್ಯಾಮೆರಾಗಳ ಬಳಕೆ ಹೆಚ್ಚಿದಂತೆ ಮತ್ತೆ ಛಾಯಾಗ್ರಾಹಕರ ಕೈಸೇರುತ್ತಿದ್ದು, ಅದರೊಂದಿಗೆ ಒಂದು ಹಳೆಯ ಚರ್ಚೆಯೂ ಮರಳಿ ಬಂದಿದೆ. ಒಂದೇ ಕಂಪನಿ ಒಂದೇ ಸಂಗಮದೂರಕ್ಕೆ ಕಾಲಕಾಲಕ್ಕೆ ಹೊರತಂದ ಹಲವು ಆವೃತ್ತಿಗಳಲ್ಲಿ ಯಾವುದು ಮೇಲು ಎಂಬುದೇ ಆ ಚರ್ಚೆ. ಸಂಗಮದೂರವೆಂದರೆ ಬಹುದೂರದ ವಸ್ತುವಿನ ಬೆಳಕನ್ನು ಲೆನ್ಸು ಎಷ್ಟು ದೂರದಲ್ಲಿ ಒಂದುಗೂಡಿಸುತ್ತದೆ ಎಂಬುದರ ಅಳತೆ. 36×24 ಮಿಮೀ ಚೌಕಟ್ಟಿನ ಕ್ಯಾಮೆರಾದಲ್ಲಿ 35 ಮಿಮೀ ಲೆನ್ಸು ಕರ್ಣದುದ್ದಕ್ಕೆ ಸುಮಾರು 63 ಡಿಗ್ರಿ, 28 ಮಿಮೀ ಲೆನ್ಸು 75 ಡಿಗ್ರಿ, 24 ಮಿಮೀ ಲೆನ್ಸು 84 ಡಿಗ್ರಿ, 20 ಮಿಮೀ ಲೆನ್ಸು 94 ಡಿಗ್ರಿ ನೋಟವನ್ನು ಒಳಗೊಳ್ಳುವುದರಿಂದ ಇವೆಲ್ಲ ವೈಡ್ ಆ್ಯಂಗಲ್ ವರ್ಗಕ್ಕೆ ಸೇರುತ್ತವೆ. ಆವೃತ್ತಿಗಳ ನಡುವಿನ ವ್ಯತ್ಯಾಸಗಳು ನಿಜವಾದವುಗಳೇ ಆಗಿದ್ದರೂ, ಅವುಗಳಲ್ಲಿ ಯಾವುದು ಮುಖ್ಯ, ಯಾವುದು ಗೌಣ ಎಂಬುದನ್ನು ಮುಂದಿರುವ ಕೆಲಸ ತೀರ್ಮಾನಿಸಬೇಕಲ್ಲದೆ ಲೆನ್ಸಿನ ಖ್ಯಾತಿ ತೀರ್ಮಾನಿಸಬಾರದು ಎಂಬ ನಿಲುವಿನಿಂದ ಈ ಸಮೀಕ್ಷೆ ಹೊರಡುತ್ತದೆ. ಅದಕ್ಕಾಗಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗುಡಿ, ಕಂಬ, ಶಾಸನಗಳ ಚಿತ್ರದಾಖಲೆಯನ್ನು ಇಲ್ಲಿ ಒರೆಗಲ್ಲಾಗಿ ಇಟ್ಟುಕೊಳ್ಳಲಾಗಿದೆ.

ನೆಲ ಮುಂದಿಡುವ ಬೇಡಿಕೆಗಳು

ಈ ಸೀಮೆಯ ಸ್ಮಾರಕಗಳಿಗೂ ಕ್ಯಾಮೆರಾಕ್ಕೂ ನಂಟು ಹಳೆಯದು. 1865ರಲ್ಲಿ ಸೇನಾಧಿಕಾರಿ ಎಚ್. ಡಿಕ್ಸನ್ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ಸಿದ್ಧಪಡಿಸಿದರು, ಬಿ.ಎಲ್. ರೈಸ್ 1879ರಲ್ಲಿ ಪ್ರಕಟಿಸಿದ ಮೈಸೂರು ಶಾಸನಗಳ ಅನುವಾದಕ್ಕೆ ಆ ಚಿತ್ರಗಳು ಮುಖ್ಯ ಆಧಾರವಾದವು, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅನೇಕ ಶಾಸನಗಳು ಅದರಲ್ಲಿ ಸೇರಿವೆ. ಮುಂದೆ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ, ಎಂಟನೆಯ ಸಂಪುಟದಲ್ಲಿ ಸೊರಬ ತಾಲ್ಲೂಕಿನ ಶಾಸನಗಳು ಅಚ್ಚಾದವು. ಹೀಗೆ ಒಂದೂವರೆ ಶತಮಾನದಿಂದ ಇಲ್ಲಿನ ಕಲ್ಲನ್ನು ಓದುವ ಕೆಲಸ ಒಂದು ಮಟ್ಟಿಗೆ ಚಿತ್ರವನ್ನು ನಂಬಿಕೊಂಡೇ ನಡೆದಿದೆ. ಆದ್ದರಿಂದ ಚಿತ್ರ ತೆಗೆದ ಲೆನ್ಸು ಕಲ್ಲಿನ ರೂಪವನ್ನು ಎಷ್ಟು ನಿಷ್ಠೆಯಿಂದ ತಂದಿದೆ ಎಂಬ ಪ್ರಶ್ನೆ ಹವ್ಯಾಸಿಗಳ ಕುತೂಹಲಕ್ಕಷ್ಟೇ ಸೀಮಿತವಾಗುವುದಿಲ್ಲ.

ಸ್ಮಾರಕಗಳು ಲೆನ್ಸಿಗೆ ಒಡ್ಡುವ ಕಷ್ಟಗಳು ಒಂದೇ ಬಗೆಯವಲ್ಲ. ಬಳ್ಳಿಗಾವಿಯ ಕೇದಾರೇಶ್ವರ ಗುಡಿ ಮೂರು ಗರ್ಭಗೃಹಗಳು ಒಂದೇ ಮಂಟಪಕ್ಕೆ ತೆರೆದುಕೊಳ್ಳುವ ತ್ರಿಕೂಟ ರಚನೆಯಾಗಿದ್ದು, ಅದರ ಶಿಖರಗಳನ್ನು ವಾಲಿಸದೆ ಚೌಕಟ್ಟಿನೊಳಗೆ ತರುವುದೇ ಹೊರಗಿನ ಚಿತ್ರದ ಸವಾಲು. ಅದೇ ಊರಿನ ತ್ರಿಪುರಾಂತಕೇಶ್ವರ ಗುಡಿಯಲ್ಲಿ ಬಾಗಿಲಿನ ಪಕ್ಕದ ಜಾಲಂಧ್ರಗಳ ಸೂಕ್ಷ್ಮ ಕೆತ್ತನೆಯನ್ನೂ ಅಧಿಷ್ಠಾನದ ಕಿರಿದಾದ ಪಟ್ಟಿಕೆಯಲ್ಲಿರುವ ಪಂಚತಂತ್ರದ ಕಥಾಶಿಲ್ಪಗಳನ್ನೂ ಹತ್ತಿರದಿಂದ, ಅಂಚಿನವರೆಗೂ ಸ್ಫುಟವಾಗಿ ತೆಗೆಯಬೇಕಾಗುತ್ತದೆ. ಅಲ್ಲಿಯೇ ಇರುವ 1047ರ ಗಂಡಭೇರುಂಡ ಸ್ತಂಭ ನೇರವಾಗಿ ಮೇಲೇರಿ ನಿಂತ ಒಂಟಿ ಕಂಬವಾದ್ದರಿಂದ ರೇಖೆಯ ಸಣ್ಣ ಬಾಗೂ ಅಲ್ಲಿ ಎದ್ದು ಕಾಣುತ್ತದೆ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ, ಕದಂಬ ಶಾಂತಿವರ್ಮನ ಕಾಲದ, ಕವಿ ಕುಬ್ಜ ರಚಿಸಿದ ಶಾಸನದ ಸಾಲುಗಳು ಅಷ್ಟಮುಖದ ಕಂಬದ ಉದ್ದಕ್ಕೆ ಲಂಬವಾಗಿ ಸಾಗುತ್ತವೆ. ಅಲ್ಲಿ ಕೆಳತುದಿಯಿಂದ ಮೇಲ್ತುದಿಯವರೆಗೆ ಅಕ್ಷರದ ಅಳತೆ ಬದಲಾಗದಂತೆ ನೋಡಿಕೊಳ್ಳಬೇಕು. ಸೊರಬ ತಾಲ್ಲೂಕಿನ ಆನವಟ್ಟಿಯ ಬಳಿಯ ಕುಬಟೂರಿನ ಕೈಟಭೇಶ್ವರ ಗುಡಿಯಲ್ಲಿ ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಕಂಬಗಳ ವಿಶಾಲವಾದ ತೆರೆದ ಸಭಾಮಂಟಪವಿದ್ದು, ನೆರಳಿನ ಒಳಭಾಗವೂ ಬಿಸಿಲಿನ ಹೊರಭಾಗವೂ ಒಂದೇ ಚೌಕಟ್ಟಿಗೆ ಬರುತ್ತವೆ. ಚಂದ್ರಗುತ್ತಿಯ ರೇಣುಕಾಂಬೆಯ ಗುಹಾಸನ್ನಿಧಿಯ ಬಾಯಲ್ಲಿ ಬೆಳಕು–ಕತ್ತಲೆಯ ಈ ಅಂತರ ಇನ್ನೂ ಹೆಚ್ಚು. ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕಾಗಿರುವುದರಿಂದ ಬಹಳಷ್ಟು ಚಿತ್ರಗಳನ್ನು ಕೈಯಲ್ಲಿ ಹಿಡಿದೇ ತೆಗೆಯಬೇಕಾಗುತ್ತದೆ ಎಂಬುದನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ವಿನ್ಯಾಸದ ಮೂಲ

ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಒಂದು ಕನ್ನಡಿ ಏಳುತ್ತ ಇಳಿಯುತ್ತ ಇರುವುದರಿಂದ ಲೆನ್ಸಿನ ಹಿಂಭಾಗವನ್ನು ಫಿಲ್ಮಿಗೆ ತೀರ ಹತ್ತಿರ ತರಲಾಗುವುದಿಲ್ಲ. 28 ಮಿಮೀ ಲೆನ್ಸು ಸಹಜವಾಗಿ ಫಿಲ್ಮಿಗೆ ಅಷ್ಟೇ ಹತ್ತಿರ ಕೂರಬೇಕಾಗಿರುವಾಗ, ನಿಕಾನ್ ಎಫ್ ಮೌಂಟಿನಲ್ಲಿ ಲೆನ್ಸು ಕೂರುವ ಬಳೆಯೇ ಫಿಲ್ಮಿನಿಂದ 46.5 ಮಿಮೀ ದೂರದಲ್ಲಿದೆ. ಈ ಕಷ್ಟಕ್ಕೆ ಪರಿಹಾರವಾಗಿ, ಮುಂದುಗಡೆ ಬೆಳಕನ್ನು ಚದುರಿಸುವ ದೊಡ್ಡ ಗಾಜನ್ನೂ ಹಿಂದುಗಡೆ ಅದನ್ನು ಕೂಡಿಸುವ ಗಾಜುಗಳನ್ನೂ ಜೋಡಿಸಿ ಹಿಂಬದಿಯ ಅಂತರವನ್ನು ಹಿಗ್ಗಿಸುವ ವಿನ್ಯಾಸವನ್ನು ಫ್ರಾನ್ಸಿನ ಪಿಯರ್ ಆಂಜೆನ್ಯೂ 1950ರಲ್ಲಿ ತನ್ನ 35 ಮಿಮೀ ಲೆನ್ಸಿನ ಮೂಲಕ ಸ್ಥಿರಚಿತ್ರಕ್ಕೆ ತಂದರು. ಅವರು ಇಟ್ಟ ರೆಟ್ರೋಫೋಕಸ್ ಎಂಬ ಹೆಸರೇ ಇಡೀ ವರ್ಗದ ಹೆಸರಾಯಿತು. ಈ ಅಸಮ ರಚನೆಯಲ್ಲಿ ಎರಡು ದೋಷಗಳು ಸುಲಭವಾಗಿ ನುಸುಳುತ್ತವೆ. ಮೊದಲನೆಯದು ನೇರ ರೇಖೆಗಳು ಹೊರಕ್ಕೆ ಉಬ್ಬಿ ಕಾಣುವ ಡಿಸ್ಟಾರ್ಷನ್. ಎರಡನೆಯದು ದೂರದ ವಸ್ತುವಿಗೆ ಸರಿಯಾಗಿರುವ ತಿದ್ದುಪಡಿ ಹತ್ತಿರದ ವಸ್ತುವಿಗೆ ಸಡಿಲವಾಗಿ ಚಿತ್ರದ ಮೂಲೆಗಳು ಮಸುಕಾಗುವುದು. ಆವೃತ್ತಿಗಳ ಇತಿಹಾಸವೆಂದರೆ ಬಹುಮಟ್ಟಿಗೆ ಈ ಎರಡು ದೋಷಗಳೊಂದಿಗೆ ವಿನ್ಯಾಸಕಾರರು ನಡೆಸಿದ ಹೋರಾಟದ ಇತಿಹಾಸ.

ಎರಡನೆಯ ದೋಷಕ್ಕೆ 1967ರ 24 ಮಿಮೀ ಎಫ್/2.8 ನಿಕ್ಕೋರ್ ಲೆನ್ಸಿನಲ್ಲಿ ನಿಕಾನ್ ಒಂದು ಪರಿಹಾರ ತಂದಿತು. ಹತ್ತಿರಕ್ಕೆ ಫೋಕಸ್ ಮಾಡುವಾಗ ಎಲ್ಲ ಗಾಜುಗಳೂ ಒಟ್ಟಾಗಿ ಮುಂದೆ ಸರಿಯುವ ಬದಲು, ಅವುಗಳ ನಡುವಿನ ಅಂತರವೂ ದೂರಕ್ಕೆ ತಕ್ಕಂತೆ ಬದಲಾಗುವ ಏರ್ಪಾಡು ಅದು. ನಿಕಾನ್ ಇದನ್ನು ಸಿಆರ್‌ಸಿ ಎಂಬ ಮೊದಲಕ್ಷರಗಳಿಂದ ಕರೆಯಿತು. ಜಾಲಂಧ್ರವನ್ನೋ ಅಧಿಷ್ಠಾನದ ಪಟ್ಟಿಕೆಯನ್ನೋ ಅರ್ಧ ಮೀಟರಿನೊಳಗಿಂದ ತೆಗೆಯುವವರಿಗೆ ಇದು ತುಂಬ ಬೆಲೆಯುಳ್ಳ ಬದಲಾವಣೆ.

28 ಮಿಮೀ ನಿಕ್ಕೋರ್: ಒಂದು ಹೆಸರು, ಹಲವು ಲೆನ್ಸುಗಳು

ಆವೃತ್ತಿಭೇದವನ್ನು ಅರಿಯಲು ನಿಕ್ಕೋರ್ 28 ಮಿಮೀ ಸರಣಿಯಷ್ಟು ಸ್ಪಷ್ಟವಾದ ನಿದರ್ಶನ ವಿರಳ. ಆರಂಭದ ನಿಕ್ಕೋರ್‌ಗಳ ಹೆಸರಿನ ಪಕ್ಕದ ಅಕ್ಷರ ಒಳಗಿನ ಗಾಜುಗಳ ಸಂಖ್ಯೆಯನ್ನು ಸೂಚಿಸುತ್ತಿತ್ತು: ಎಚ್ ಎಂದರೆ ಆರು, ಎಸ್ ಎಂದರೆ ಏಳು, ಎನ್ ಎಂದರೆ ಒಂಬತ್ತು. 1960ರ ಹೊತ್ತಿಗೆ ಬಂದ ನಿಕ್ಕೋರ್–ಎಚ್ 28 ಮಿಮೀ ಎಫ್/3.5 ಆರು ಗಾಜುಗಳದ್ದಾಗಿದ್ದು 0.6 ಮೀಟರಿಗಿಂತ ಹತ್ತಿರ ಫೋಕಸ್ ಆಗುತ್ತಿರಲಿಲ್ಲ, ಅದೇ ಎಫ್/3.5ರ ನಂತರದ ರೂಪ 0.3 ಮೀಟರಿಗೆ ಇಳಿಯಿತು. ಎಫ್ ಸಂಖ್ಯೆಯೆಂದರೆ ಸಂಗಮದೂರವನ್ನು ಬೆಳಕಿನ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಅಂಕೆ; ಅಂಕೆ ಕಿರಿದಾದಷ್ಟೂ ಒಳಬರುವ ಬೆಳಕು ಹೆಚ್ಚು. 1970ರ ದಶಕದ ಆರಂಭದ ನಿಕ್ಕೋರ್–ಎನ್ 28 ಮಿಮೀ ಎಫ್/2 ಲೆನ್ಸು ಒಂಬತ್ತು ಗಾಜುಗಳನ್ನು ಎಂಟು ಗುಂಪುಗಳಲ್ಲಿ ಜೋಡಿಸಿಕೊಂಡು, ಸಿಆರ್‌ಸಿಯನ್ನೂ ಪಡೆದು, ಮಂದ ಬೆಳಕಿನ ನವರಂಗಕ್ಕೆ ಹೊಂದುವ ಸಾಧನವಾಯಿತು.

ಎಫ್/2.8 ಎಂಬ ಒಂದೇ ಅಂಕೆಯಡಿ ಬಂದ ಲೆನ್ಸುಗಳಲ್ಲಿ ಗೊಂದಲ ಹೆಚ್ಚು. 1977ರಲ್ಲಿ ನಿಕಾನ್ ತನ್ನ ಮೌಂಟಿಗೆ ಎಐ ಎಂಬ ವ್ಯವಸ್ಥೆಯನ್ನು ತಂದಾಗಿನ 28 ಮಿಮೀ ಎಫ್/2.8 ಲೆನ್ಸಿನಲ್ಲಿ ಏಳು ಗುಂಪುಗಳಲ್ಲಿ ಏಳು ಗಾಜುಗಳಿದ್ದು, ಅದು 0.3 ಮೀಟರಿನವರೆಗೆ ಫೋಕಸ್ ಆಗುತ್ತದೆ, ಸಿಆರ್‌ಸಿ ಅದರಲ್ಲಿಲ್ಲ. 1979ರ ಸುಮಾರಿಗೆ ಅಗ್ಗದ ಇಎಂ ಕ್ಯಾಮೆರಾದ ಜೊತೆಗಾರನಾಗಿ ಬಂದ ಸೀರೀಸ್ ಇ ಲೆನ್ಸಿನಲ್ಲಿರುವುದು ಐದೇ ಗಾಜು. 1980ರ ದಶಕದ ಆರಂಭದ ಎಐ–ಎಸ್ ಆವೃತ್ತಿ ಎಂಟು ಗುಂಪುಗಳಲ್ಲಿ ಎಂಟು ಗಾಜು, ಸಿಆರ್‌ಸಿ ಮತ್ತು 0.2 ಮೀಟರಿನ ಸಮೀಪ ಫೋಕಸ್ ಹೊಂದಿರುವ ಬೇರೆಯೇ ವಿನ್ಯಾಸ. ಎಐ ಮತ್ತು ಎಐ–ಎಸ್ ಲೆನ್ಸುಗಳ ಮುಖದ ಮೇಲಿನ ಬರಹ ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ, ಕೊಳ್ಳುವವರು ದೂರದ ಮಾಪಕ 0.2ಕ್ಕೆ ಮುಗಿಯುತ್ತದೆಯೇ 0.3ಕ್ಕೆ ಮುಗಿಯುತ್ತದೆಯೇ ಎಂದು ನೋಡುವುದು ಅತ್ಯಂತ ಸುಲಭವಾದ ಗುರುತು. ಅತಿ ಕಿರಿದಾದ ಕಿಂಡಿಯ ಅಂಕೆಯನ್ನು ಕಿತ್ತಳೆ ಬಣ್ಣದಲ್ಲಿ ಬರೆದಿರುವುದು ಎಐ–ಎಸ್‌ನ ಇನ್ನೊಂದು ಕುರುಹು.

ಈ ಆವೃತ್ತಿಗಳನ್ನು ಹೋಲಿಸುವಾಗ ದೂರವನ್ನು ಹೇಳದ ಹೋಲಿಕೆ ಅಪೂರ್ಣವೆಂಬುದು ಇದರಿಂದ ತಿಳಿಯುತ್ತದೆ. ಕೇದಾರೇಶ್ವರದ ಹೊರನೋಟವನ್ನು ಇಪ್ಪತ್ತು ಮೀಟರಿನಿಂದ ಎಫ್/8ರಲ್ಲಿ ತೆಗೆದರೆ ಎಐ ಮತ್ತು ಎಐ–ಎಸ್ ನಡುವಿನ ಅಂತರ ಬಹುಮಟ್ಟಿಗೆ ಕರಗಿಹೋಗುತ್ತದೆ. ಅವೇ ಎರಡನ್ನು ಮೂವತ್ತು ಸೆಂಟಿಮೀಟರಿನಿಂದ ಒಂದು ಪಟ್ಟಿಕೆಯ ಮೇಲೆ ಹಿಡಿದರೆ ಮೂಲೆಗಳಲ್ಲಿ ಎಐ–ಎಸ್‌ನ ಮೇಲುಗೈ ಕಾಣಬರುತ್ತದೆ. ದೂರದ ಬೆಟ್ಟದ ಚಿತ್ರವನ್ನಷ್ಟೇ ನೋಡಿ ಒಂದು ಆವೃತ್ತಿಗೆ ಹೆಚ್ಚಿನ ಬೆಲೆ ತೆರುವುದೂ, ಹತ್ತಿರದ ಪರೀಕ್ಷೆಯನ್ನಷ್ಟೇ ನೋಡಿ ಇನ್ನೊಂದನ್ನು ತಳ್ಳಿಹಾಕುವುದೂ ಒಂದೇ ಬಗೆಯ ತಪ್ಪುಗಳು.

ಇತರ ಕಂಪನಿಗಳ ಆವೃತ್ತಿಗಳು

ಉಳಿದ ತಯಾರಕರಲ್ಲೂ ಇದೇ ಬಗೆಯ ಸ್ತರಗಳಿವೆ. ಒಲಿಂಪಸ್ ತನ್ನ ಓಎಂ ಸರಣಿಯ ಝುಯಿಕೋ ಲೆನ್ಸುಗಳಿಗೆ ಆರಂಭದಲ್ಲಿ ಗಾಜಿನ ಸಂಖ್ಯೆಯನ್ನು ಹೇಳುವ ಅಕ್ಷರ ಸೇರಿಸುತ್ತಿತ್ತು, ಜಿ. ಝುಯಿಕೋ ಎಂದರೆ ಏಳು, ಎಚ್. ಝುಯಿಕೋ ಎಂದರೆ ಎಂಟು. ಮುಂದೆ ಬಹುಪದರ ಲೇಪವನ್ನು ಸೂಚಿಸುವ ಎಂಸಿ ಎಂಬ ಗುರುತು ಬಂದು, ಕೊನೆಯ ಆವೃತ್ತಿಗಳಲ್ಲಿ ಆ ಲೇಪವೇ ಸಾಮಾನ್ಯವಾದ ಕಾರಣ ಗುರುತೂ ಮರೆಯಾಯಿತು. ಕ್ಯಾನನ್ 1971ರ ಎಫ್‌ಡಿ ಮೌಂಟಿನಲ್ಲಿ ಎಸ್.ಸಿ. ಮತ್ತು ಎಸ್.ಎಸ್.ಸಿ. ಎಂದು ಲೇಪದ ಭೇದವನ್ನು ಬರೆಯಿತು, 1979ರ ಹೊಸ ಎಫ್‌ಡಿ ರೂಪದಲ್ಲಿ ಪ್ರತ್ಯೇಕ ಬಿಗಿಬಳೆಯನ್ನು ಬಿಟ್ಟು ಇಡೀ ಲೆನ್ಸನ್ನೇ ತಿರುಗಿಸಿ ಕೂರಿಸುವ ಕ್ರಮಕ್ಕೆ ಬಂದಿತು. ಮುಂಭಾಗದ ಗಾಜು ಒಳಕ್ಕೆ ಬಾಗಿರುವ ಆರಂಭದ ಎಫ್‌ಡಿ 35 ಮಿಮೀ ಎಫ್/2 ಲೆನ್ಸಿನಲ್ಲಿ ಥೋರಿಯಂ ಸೇರಿದ ಗಾಜಿದ್ದು, ಅದು ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ. ಬಳಪದ ಕಲ್ಲಿನ ಬೂದುಹಸಿರು ಛಾಯೆಯನ್ನು ಸರಿಯಾಗಿ ದಾಖಲಿಸಬೇಕಾದವರು ಇದನ್ನು ಗಮನಿಸಲೇಬೇಕು. ಪೆಂಟ್ಯಾಕ್ಸ್‌ನ ಸೂಪರ್ ಟಕುಮಾರ್ 28 ಮಿಮೀ ಎಫ್/3.5ಕ್ಕೆ 58 ಮಿಮೀ ಫಿಲ್ಟರಿನ ದೊಡ್ಡ ರೂಪವೂ 49 ಮಿಮೀ ಫಿಲ್ಟರಿನ ಸಣ್ಣ ರೂಪವೂ ಇದ್ದು ಎರಡೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಪೂರ್ವ ಜರ್ಮನಿಯ ಯೆನಾದಲ್ಲಿ ತಯಾರಾದ ಫ್ಲೆಕ್ಟೊಗಾನ್ 35 ಮಿಮೀ ಎಫ್/2.4 ಸುಮಾರು 0.2 ಮೀಟರಿನವರೆಗೆ ಹತ್ತಿರ ಬರುವ ಗುಣದಿಂದ ಶಿಲ್ಪದ ವಿವರಗಳಿಗೆ ಹೊಂದುತ್ತದೆಯಾದರೂ, ಅದರ ಕಿಂಡಿಯ ಎಲೆಗಳಿಗೆ ಎಣ್ಣೆ ಹರಿದು ಅಂಟಿಕೊಳ್ಳುವ ತೊಂದರೆ ಆಗಾಗ ಕಾಣಿಸಿಕೊಳ್ಳುತ್ತದೆ.

ಲೇಪ ಮತ್ತು ಬೆಳಕಿನ ಚೆದುರುವಿಕೆ

ಕುಬಟೂರಿನ ಸಭಾಮಂಟಪದೊಳಗಿಂದ ಹೊರಗಿನ ಬಿಸಿಲನ್ನೂ ಸೇರಿಸಿ ತೆಗೆಯುವ ಚಿತ್ರದಲ್ಲಿ ಆವೃತ್ತಿಗಳ ಲೇಪಭೇದ ನೇರವಾಗಿ ಎದುರಾಗುತ್ತದೆ. ಲೇಪವಿಲ್ಲದ ಗಾಜಿನ ಪ್ರತಿ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನ ಶೇ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಎಂಟು ಬಿಡಿಗಾಜುಗಳ ಲೆನ್ಸಿನಲ್ಲಿ ಗಾಳಿಗೆ ತೆರೆದ ಹದಿನಾರು ಮೇಲ್ಮೈಗಳಿರುವುದರಿಂದ ಲೇಪವೇ ಇಲ್ಲದಿದ್ದರೆ ಬೆಳಕಿನ ಅರ್ಧದಷ್ಟು ಮಾತ್ರ ಫಿಲ್ಮನ್ನು ತಲುಪುತ್ತದೆ. ಪ್ರತಿ ಮೇಲ್ಮೈಯ ನಷ್ಟವನ್ನು ಬಹುಪದರ ಲೇಪ ಶೇ 0.5ಕ್ಕೆ ಇಳಿಸಿದಾಗ ಶೇ 92ರಷ್ಟು ತಲುಪುತ್ತದೆ. ಕಳೆದುಹೋದ ಬೆಳಕಿಗಿಂತ ಹೆಚ್ಚಿನ ಹಾನಿ ಮಾಡುವುದು ಒಳಗೇ ಪುಟಿದಾಡಿ ಕೊನೆಗೆ ಚಿತ್ರದ ಮೇಲೆ ತೆಳುಮಂಜಿನಂತೆ ಹರಡುವ ಬೆಳಕು. ಅದು ಮೊದಲು ನುಂಗುವುದು ನೆರಳಿನಲ್ಲಿರುವ ಕೆತ್ತನೆಯ ವಿವರಗಳನ್ನೇ. ಆದ್ದರಿಂದ ಒಳಾಂಗಣಕ್ಕೆ 1970ರ ದಶಕದ ನಂತರದ ಬಹುಪದರ ಲೇಪದ ಆವೃತ್ತಿಗಳಿಗೆ ಆದ್ಯತೆ ಕೊಡುವುದು ಸಕಾರಣ. ಹೊರಗೆ, ಸೂರ್ಯನಿಗೆ ಬೆನ್ನು ಮಾಡಿ ಸರಿಯಾದ ಹುಡ್ ಹಾಕಿ ತೆಗೆಯುವಾಗ ಏಕಪದರದ ಹಳೆಯ ಲೆನ್ಸೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಲಂಬರೇಖೆ ಮತ್ತು ಶಿಫ್ಟ್ ಲೆನ್ಸು

ಶಿಖರವನ್ನು ಒಳಗೊಳ್ಳಲು ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಲಂಬರೇಖೆಗಳು ಮೇಲ್ಗಡೆ ಒಂದರತ್ತ ಒಂದು ವಾಲುತ್ತವೆ. ಕ್ಯಾಮೆರಾವನ್ನು ಮಟ್ಟವಾಗಿಯೇ ಇಟ್ಟು ಲೆನ್ಸನ್ನು ಮಾತ್ರ ಮೇಲಕ್ಕೆ ಜಾರಿಸುವ ಶಿಫ್ಟ್ ಲೆನ್ಸು ಇದಕ್ಕೆ ಸರಿಯಾದ ಉತ್ತರ. 35 ಎಂಎಂ ಎಸ್‌ಎಲ್‌ಆರ್‌ಗೆ ಅಂಥ ಮೊದಲ ಲೆನ್ಸು 1962ರ ಪಿಸಿ–ನಿಕ್ಕೋರ್ 35 ಮಿಮೀ ಎಫ್/3.5, 1968ರಲ್ಲಿ ಅದು ಎಫ್/2.8 ಆಯಿತು, ಮುಂದೆ ವಿನ್ಯಾಸ ಮತ್ತೆ ಬದಲಾಯಿತು. 1975ರಲ್ಲಿ 28 ಮಿಮೀ ಎಫ್/4 ರೂಪವೂ ಅನಂತರ ಎಫ್/3.5 ರೂಪವೂ ಬಂದವು. ಕ್ಯಾನನ್ 1973ರಲ್ಲಿ ಜಾರಿಸುವುದರ ಜೊತೆಗೆ ವಾಲಿಸಲೂ ಬರುವ 35 ಮಿಮೀ ಟಿಎಸ್ ಲೆನ್ಸನ್ನು ಹೊರತಂದಿತು.

ಶಿಫ್ಟಿನ ಲಾಭವನ್ನು ಸರಳ ಲೆಕ್ಕದಿಂದ ಕಾಣಬಹುದು. ಕ್ಯಾಮೆರಾವನ್ನು ಅಡ್ಡ ಚೌಕಟ್ಟಿನಲ್ಲಿ ಮಟ್ಟವಾಗಿ ಹಿಡಿದು ಹತ್ತು ಮೀಟರ್ ದೂರದಿಂದ ತೆಗೆದಾಗ, 35 ಮಿಮೀ ಲೆನ್ಸು ತನ್ನ ಮಟ್ಟದಿಂದ ಮೇಲಕ್ಕೆ 3.4 ಮೀಟರಿನವರೆಗೆ ಮಾತ್ರ ಕಾಣಿಸುತ್ತದೆ. 11 ಮಿಮೀ ಜಾರಿಸಿದರೆ ಆ ಎತ್ತರ 6.6 ಮೀಟರಿಗೆ ಏರುತ್ತದೆ. 28 ಮಿಮೀಯಲ್ಲಿ 4.3 ಮೀಟರ್ ಇದ್ದದ್ದು 8.2 ಮೀಟರ್ ಆಗುತ್ತದೆ. ಶಿಫ್ಟ್ ಲೆನ್ಸು ಸಿಗದವರಿಗೆ ಇನ್ನೊಂದು ದಾರಿಯಿದೆ: 20 ಮಿಮೀ ಲೆನ್ಸಿನ ಕ್ಯಾಮೆರಾವನ್ನು ಉದ್ದುದ್ದವಾಗಿ, ಮಟ್ಟವಾಗಿ ಹಿಡಿದರೆ ಅದೇ ದೂರದಿಂದ 9 ಮೀಟರಿನವರೆಗೆ ಕಾಣುತ್ತದೆ, ಕೆಳಗಿನ ಬರಿ ನೆಲವನ್ನು ಆಮೇಲೆ ಕತ್ತರಿಸಬಹುದು. ಆದರೆ ಜಾರಿಸಿದ 35 ಮಿಮೀ ಲೆನ್ಸು ಇಡೀ ಸೆನ್ಸರ್ ತುಂಬುವ ಭಾಗ ಇಲ್ಲಿ ಸೆನ್ಸರಿನ ಮೂರನೆಯ ಒಂದು ಪಾಲಿನಷ್ಟೇ ಆಗಿ, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 8 ಮೆಗಾಪಿಕ್ಸೆಲಿಗೆ ಇಳಿಯುತ್ತದೆ. ಗುಡಿಯ ಒಟ್ಟು ನೋಟಕ್ಕೆ ಅಷ್ಟು ಸಾಕಾದೀತು, ಶಿಖರದ ಶಿಲ್ಪವಿವರಕ್ಕೆ ಸಾಲದು. ವಾಲಿದ ಚಿತ್ರವನ್ನು ಕಂಪ್ಯೂಟರಿನಲ್ಲಿ ನೆಟ್ಟಗಾಗಿಸುವಾಗಲೂ ಮೇಲ್ಭಾಗವನ್ನು ಹಿಗ್ಗಿಸಬೇಕಾಗಿ ಬರುವುದರಿಂದ ವಿವರ ತೆಳುವಾಗುವುದು ಅಲ್ಲಿಯೇ.

ಅಡಾಪ್ಟರ್ ಎಂಬ ಕಾಣದ ಅಂಶ

ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಮೌಂಟಿನಿಂದ ಸೆನ್ಸರಿಗಿರುವ ಅಂತರ ಕಿರಿದು: ಸೋನಿ ಇ ಮೌಂಟಿನಲ್ಲಿ 18 ಮಿಮೀ, ನಿಕಾನ್ ಝಡ್ ಮೌಂಟಿನಲ್ಲಿ 16 ಮಿಮೀ. ಹಳೆಯ ಲೆನ್ಸಿಗೆ ಬೇಕಾದ ಉಳಿದ ಅಂತರವನ್ನು ಅಡಾಪ್ಟರ್ ಎಂಬ ಖಾಲಿ ಕೊಳವೆ ತುಂಬುವುದರಿಂದ, 42 ಮಿಮೀ ಅಂತರದ ಕ್ಯಾನನ್ ಎಫ್‌ಡಿಯಂಥ ಲೆನ್ಸುಗಳೂ ನಡುವೆ ಗಾಜಿಲ್ಲದೆ ಇಂದು ಬಳಕೆಗೆ ಬರುತ್ತವೆ. ಆದರೆ ಅಡಾಪ್ಟರಿನ ಉದ್ದದಲ್ಲಿನ ಸಣ್ಣ ತಪ್ಪೂ ವೈಡ್ ಆ್ಯಂಗಲ್ ಲೆನ್ಸಿಗೆ ದೊಡ್ಡದಾಗುತ್ತದೆ. ಅದು 0.1 ಮಿಮೀ ಗಿಡ್ಡವಾಗಿದ್ದರೆ 28 ಮಿಮೀ ಲೆನ್ಸಿನಲ್ಲಿ ಅತಿ ದೂರದ ವಸ್ತು ಸ್ಫುಟವಾಗುವುದು ಮಾಪಕ 7.8 ಮೀಟರ್ ತೋರಿಸುವಾಗ. ಸಿಆರ್‌ಸಿ ಇರುವ ಆವೃತ್ತಿಯಲ್ಲಿ ಇದರಿಂದ ಗಾಜುಗಳ ಅಂತರವೂ ತಪ್ಪು ಸ್ಥಾನದಲ್ಲಿ ನಿಲ್ಲುತ್ತದೆ. ಒಂದು ಆವೃತ್ತಿಯ ಮೂಲೆಗಳು ಮಸುಕೆಂದು ಬರುವ ದೂರುಗಳ ಹಿಂದೆ ಹಲವು ಸಲ ಅಗ್ಗದ ಅಡಾಪ್ಟರಿನ ತಪ್ಪು ಅಡಗಿರಲು ಸಾಧ್ಯ.

ಮಾಪಕದ ಮಾತು ಬಂದಾಗ ಈ ಸೀಮೆಯ ಇನ್ನೊಂದು ವಿಷಯವನ್ನೂ ಗಮನಿಸಬೇಕು. ದೀಪಾವಳಿಯ ನಂತರ ಶಿಕಾರಿಪುರ, ಸೊರಬ ಕಡೆಯ ಹಳ್ಳಿಗಳಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಕೊಬ್ಬರಿ ಸರ, ಬಲೂನುಗಳಿಂದ ಸಿಂಗರಿಸಿದ ಹೋರಿ ನುಗ್ಗಿ ಬರುವ ವೇಗಕ್ಕೆ ಫೋಕಸ್ ತಿರುಗಿಸುತ್ತ ಕೂರಲಾಗದು. 28 ಮಿಮೀ ಲೆನ್ಸನ್ನು ಎಫ್/8ರಲ್ಲಿ 3.3 ಮೀಟರಿಗೆ ನಿಲ್ಲಿಸಿದರೆ ಸುಮಾರು 1.7 ಮೀಟರಿನಿಂದ ಅನಂತದವರೆಗೆ ಒಪ್ಪಬಹುದಾದ ಸ್ಫುಟತೆ ಸಿಗುತ್ತದೆ. ಹಳೆಯ ಲೆನ್ಸಿನ ಮೈಮೇಲೆ ಕೊರೆದ ಆಳದ ಗೆರೆಗಳು ಇದನ್ನೇ ಹೇಳುತ್ತವೆ. ಈ ಕೆಲಸಕ್ಕೆ ಐದು ಗಾಜಿನ ಹಗುರ ಸೀರೀಸ್ ಇ ಕೂಡ ಸಾಕು. ಅಡಾಪ್ಟರಿನ ಅಳತೆ ತಪ್ಪಿದ್ದರೆ ಮಾತ್ರ ಯಾವ ಆವೃತ್ತಿಯ ಮಾಪಕವನ್ನೂ ನಂಬುವಂತಿಲ್ಲ.

ಆವೃತ್ತಿಗಿಂತ ಪ್ರತಿ ಮುಖ್ಯ

ನಾಲ್ಕೈದು ದಶಕ ಕಳೆದ ಲೆನ್ಸುಗಳಲ್ಲಿ ಒಂದೇ ಆವೃತ್ತಿಯ ಎರಡು ಪ್ರತಿಗಳ ನಡುವಿನ ಅಂತರ ಎರಡು ಆವೃತ್ತಿಗಳ ನಡುವಿನ ಅಂತರವನ್ನು ಮೀರಬಲ್ಲದು. ಬಿದ್ದು ಅಥವಾ ಬಿಚ್ಚಿ ಜೋಡಿಸಿ ಗಾಜೊಂದು ಅಕ್ಷದಿಂದ ಸರಿದಿದ್ದರೆ ಚಿತ್ರದ ಒಂದು ಬದಿ ಮಾತ್ರ ಮಸುಕಾಗುತ್ತದೆ. ಮಳೆಗಾಲದ ತೇವ ತಿಂಗಳುಗಟ್ಟಲೆ ನಿಲ್ಲುವ ಮಲೆನಾಡಿನಲ್ಲಿ ಗಾಜಿನೊಳಗೆ ಫಂಗಸ್ ಬೆಳೆಯುವುದು ಸಾಮಾನ್ಯ; ಬಿಟ್ಟಷ್ಟು ಕಾಲ ಅದು ಲೇಪವನ್ನೇ ತಿಂದುಹಾಕುವುದರಿಂದ, ಬಹುಪದರ ಲೇಪಕ್ಕೆಂದು ಹೆಚ್ಚಿನ ಬೆಲೆ ಕೊಟ್ಟ ಲೆನ್ಸು ಆ ಲಾಭವನ್ನೇ ಕಳೆದುಕೊಂಡಿರಬಹುದು. ಹಳೆಯ ಚರ್ಮದ ಚೀಲ ತೇವವನ್ನು ಹೀರಿಟ್ಟುಕೊಳ್ಳುವುದರಿಂದ ಅದರಲ್ಲಿಡುವ ಬದಲು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಶೇ 40–50ರ ತೇವಾಂಶದಲ್ಲಿಡುವುದು ಕ್ಷೇಮ.

ಕೊಳ್ಳುವ ಮುನ್ನ ಮಾಡಬೇಕಾದ ಪರೀಕ್ಷೆ ಕಷ್ಟದ್ದಲ್ಲ. ಟಾರ್ಚಿನ ಬೆಳಕನ್ನು ಲೆನ್ಸಿನ ಒಂದು ಬದಿಯಿಂದ ಬಿಟ್ಟು ಇನ್ನೊಂದು ಬದಿಯಿಂದ ನೋಡಿದರೆ ಫಂಗಸ್, ಮಂಜು, ಎಣ್ಣೆ ಗೊತ್ತಾಗುತ್ತವೆ. ದೂರದ ಒಂದೇ ವಸ್ತುವನ್ನು, ಅಡಿಕೆ ತೋಟದ ಮರವೊಂದರ ತುದಿಯಾದರೂ ಸರಿ, ಚೌಕಟ್ಟಿನ ನಡುವೆ ಮತ್ತು ನಾಲ್ಕೂ ಮೂಲೆಗಳಲ್ಲಿ ಒಂದೊಂದಾಗಿ ಇರಿಸಿ ಎಫ್/2.8, ಎಫ್/5.6, ಎಫ್/8ರಲ್ಲಿ ತೆಗೆದು ಹೋಲಿಸಬೇಕು. ನಾಲ್ಕೂ ಮೂಲೆಗಳು ಸಮನಾಗಿ ಮೃದುವಾಗಿದ್ದರೆ ಅದು ವಿನ್ಯಾಸದ ಗುಣ, ಒಂದೆರಡು ಮೂಲೆ ಮಾತ್ರ ಕೆಟ್ಟಿದ್ದರೆ ಆ ಪ್ರತಿಯ ದೋಷ. ಮೂಲೆಯಲ್ಲೇ ಮತ್ತೆ ಫೋಕಸ್ ಮಾಡಿದಾಗ ಸ್ಫುಟತೆ ಮರಳಿ ಬಂದರೆ, ಲೆನ್ಸಿನ ಫೋಕಸ್ ಬೀಳುವ ಪಾತಳಿ ಚಪ್ಪಟೆಯಾಗಿರದೆ ಬಾಗಿದೆ ಎಂದರ್ಥ. ಸಮತಟ್ಟಾದ ಶಾಸನಫಲಕಕ್ಕೆ ಅಂಥ ಲೆನ್ಸು ಹೊಂದುವುದಿಲ್ಲ, ಮಂಟಪದ ಆಳವಾದ ನೋಟಕ್ಕೆ ಅದರಿಂದ ತೊಂದರೆಯಿಲ್ಲ. ಹಾಗೆ ನೋಡಿದರೆ, ಎದುರು ಜಾಗವಿರುವ ಶಾಸನಫಲಕಕ್ಕೆ ವೈಡ್ ಆ್ಯಂಗಲಿಗಿಂತ 50–60 ಮಿಮೀ ಮ್ಯಾಕ್ರೋ ಲೆನ್ಸೇ ಯೋಗ್ಯ. ಗೋಡೆಗೆ ಒತ್ತಿ ನಿಂತ, ಹಿಂದೆ ಸರಿಯಲು ಎಡೆಯಿಲ್ಲದ ಕಡೆ ಮಾತ್ರ ವೈಡ್ ಆ್ಯಂಗಲ್ ಅನಿವಾರ್ಯ.

ಆದ್ಯತೆಗಳು ಮತ್ತು ದಾಖಲೆ

ಈ ಎಲ್ಲ ಅಂಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸ್ಮಾರಕದಾಖಲೆಗೆ ಆವೃತ್ತಿ ಆರಿಸುವ ಕ್ರಮ ಮಾರುಕಟ್ಟೆಯ ಕ್ರಮಕ್ಕಿಂತ ಬೇರೆಯಾಗಿ ನಿಲ್ಲುತ್ತದೆ. ಮೊದಲು ಪ್ರತಿಯ ಸ್ಥಿತಿ ಮತ್ತು ಅಡಾಪ್ಟರಿನ ನಿಖರತೆ, ಎರಡನೆಯದಾಗಿ ರೇಖೆಯ ನೇರತನ ಮತ್ತು ಸಾಧ್ಯವಾದಲ್ಲಿ ಶಿಫ್ಟ್, ಮೂರನೆಯದಾಗಿ ಹತ್ತಿರದ ತಿದ್ದುಪಡಿ, ನಾಲ್ಕನೆಯದಾಗಿ ಲೇಪ, ಕೊನೆಯದಾಗಿ ಕಿಂಡಿಯ ಅಗಲ. ಮಾರುಕಟ್ಟೆಯಲ್ಲಿ ಬೆಲೆಯನ್ನು ಹೆಚ್ಚಾಗಿ ಏರಿಸುವ ಎಫ್/2 ಎಂಬ ಅಂಕೆ ಇಲ್ಲಿ ಕೊನೆಗೆ ಬರಲು ಕಾರಣವಿದೆ: ಇಂದಿನ ಸೆನ್ಸರುಗಳ ಸಂವೇದನೆಯೂ ಕ್ಯಾಮೆರಾದೊಳಗಿನ ಅಲುಗಾಟ ತಡೆಯುವ ವ್ಯವಸ್ಥೆಯೂ ಮಂದ ಬೆಳಕಿನ ಕಷ್ಟವನ್ನು ಬಹುಪಾಲು ಪರಿಹರಿಸಿವೆ, ಆಳದುದ್ದಕ್ಕೂ ಸ್ಫುಟತೆ ಬೇಕಾದ ಗುಡಿಯ ಚಿತ್ರವನ್ನು ಹೇಗಿದ್ದರೂ ಕಿಂಡಿ ಕಿರಿದಾಗಿಸಿಯೇ ತೆಗೆಯಬೇಕಾಗುತ್ತದೆ.

ಕೈಯಿಂದ ನಡೆಸುವ ಲೆನ್ಸು ತನ್ನ ಹೆಸರನ್ನಾಗಲಿ ಕಿಂಡಿಯ ಅಂಕೆಯನ್ನಾಗಲಿ ಕ್ಯಾಮೆರಾಕ್ಕೆ ತಾನಾಗಿ ತಿಳಿಸುವುದಿಲ್ಲ. ಛಾಯಾಗ್ರಾಹಕ ಬರೆದಿಡದಿದ್ದರೆ ಆ ಮಾಹಿತಿ ಚಿತ್ರದೊಂದಿಗೆ ಉಳಿಯುವುದೇ ಇಲ್ಲ. ಬಳ್ಳಿಗಾವಿಯ ಒಂದು ಪಟ್ಟಿಕೆ ಮುಂದಿನ ಐವತ್ತು ವರ್ಷಗಳಲ್ಲಿ ಎಷ್ಟು ಸವೆಯಿತು ಎಂದು ಅಳೆಯಬೇಕಾದವರಿಗೆ, ಹಲವು ಚಿತ್ರಗಳನ್ನು ಕೂಡಿಸಿ ಗುಡಿಯ ಮೂರು ಆಯಾಮದ ಮಾದರಿ ಕಟ್ಟಬೇಕಾದವರಿಗೆ, ರೇಖೆಯ ಬಾಗು ಕಲ್ಲಿನದೋ ಗಾಜಿನದೋ ಎಂದು ತಿಳಿಯುವ ಆಧಾರ ಆ ಬರಹವೇ. ಲೆನ್ಸಿನ ಹೆಸರು, ಆವೃತ್ತಿ, ಕ್ರಮಸಂಖ್ಯೆ, ಅಡಾಪ್ಟರ್, ಕಿಂಡಿಯ ಅಂಕೆ, ಶಿಫ್ಟ್ ಇದ್ದರೆ ಅದರ ಅಳತೆ, ವಸ್ತುವಿಗಿದ್ದ ದೂರ, ಇಷ್ಟನ್ನು ಪ್ರತಿ ಚಿತ್ರದ ಜೊತೆಗೆ ದಾಖಲಿಸುವುದು ತಾಲ್ಲೂಕು ಮಟ್ಟದ ಆಸಕ್ತರಿಂದ ಹಿಡಿದು ವಿಶ್ವವಿದ್ಯಾಲಯಗಳವರೆಗೆ ಎಲ್ಲರೂ ಪಾಲಿಸಬಹುದಾದ ನಿಯಮ. ಉತ್ತಮ ಆವೃತ್ತಿಯಿಂದ ತೆಗೆದು ವಿವರ ಬರೆದಿಡದ ಚಿತ್ರಕ್ಕಿಂತ, ಸಾಧಾರಣ ಆವೃತ್ತಿಯಿಂದ ತೆಗೆದು ವಿವರ ಬರೆದಿಟ್ಟ ಚಿತ್ರವೇ ಮುಂದಿನ ಸಂಶೋಧಕರಿಗೆ ಹೆಚ್ಚು ಉಪಯುಕ್ತ.